ಇದ್ದದ್ದು ಇದ್ದ ಹಾಗೆ ಕೇಳಿಸುವ ಇಯರ್‌ಫೋನ್ ಆರಿಸುವುದು ಹೇಗೆ: ಹಂತ ಹಂತವಾಗಿ

ದಾವಣಗೆರೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗರು, ಭಜನೆ ಮಂಡಳಿಯ ಹಾಡನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವರು, ಚಿತ್ರದುರ್ಗದಿಂದ ಮೆಸೇಜ್ ಮಾಡುವ ಸಂಗೀತದ ವಿದ್ಯಾರ್ಥಿಗಳು, ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು. "ಅಣ್ಣಾ, ರಿವ್ಯೂ ನೋಡಿಯೇ ತಗೊಂಡೆ, ರೇಟಿಂಗೂ ಚೆನ್ನಾಗಿತ್ತು, ಹಾಡು ಮಾತ್ರ ತೆಳ್ಳಗೆ ಕೇಳುತ್ತೆ." ಇನ್ನು ಕೆಲವರ ಕಷ್ಟ ಬೇರೆ. ಇಯರ್‌ಫೋನಿನಲ್ಲಿ ಚೆನ್ನಾಗಿದ್ದ ಮಿಕ್ಸ್ ಕಾರಿನಲ್ಲಿ ಹಾಕಿದರೆ ಬರೀ ಗುಂಗುಂ ಅನ್ನುತ್ತದೆ, ಹಾಡುವವರ ದನಿಯೇ ಕೇಳಲ್ಲ. ಇಯರ್‌ಫೋನಿನಲ್ಲಿ ಬೇಸ್ ಕಮ್ಮಿ ಕೇಳಿತು ಅಂತ ಎಡಿಟ್ ಮಾಡುವಾಗ ಏರಿಸಿರುತ್ತಾರೆ, ಕಾರಿನ ಸ್ಪೀಕರಿನಲ್ಲಿ ಅದು ದನಿಯನ್ನು ನುಂಗಿಬಿಡುತ್ತದೆ.

ಇಂಥ ಬಹಳಷ್ಟು ಕೇಸುಗಳಲ್ಲಿ ಇಯರ್‌ಫೋನ್ ಕೆಟ್ಟದ್ದೇನೂ ಆಗಿರುವುದಿಲ್ಲ. ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಕೊಳ್ಳುತ್ತಾರೆ, ಆಮೇಲೆ ಫೋನಿಗೆ ಸೇರುತ್ತದಾ ಅಂತ ನೋಡುತ್ತಾರೆ, ಕಿವಿಗೆ ಸರಿಯಾಗಿ ಕೂರುತ್ತದಾ ಅನ್ನುವ ಯೋಚನೆ ಬರುವುದು ಕೊನೆಗೆ, ಅಥವಾ ಬರುವುದೇ ಇಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದನ್ನು ಬಿಟ್ಟರೂ 3ನೇ ಹಂತವನ್ನು ಬಿಡಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುತ್ತಿರುವುದು ಸಮತೋಲದ ಧ್ವನಿಯ ಬಗ್ಗೆ. ಅಂದರೆ ರೆಕಾರ್ಡಿಂಗಿನಲ್ಲಿ ಎಷ್ಟು ಬೇಸ್ ಇದೆಯೋ ಅಷ್ಟೇ, ದನಿ ಎಷ್ಟು ಮುಂದಿದೆಯೋ ಅಷ್ಟೇ ಕೇಳಬೇಕು. ನಿಮಗೆ ಎದೆ ನಡುಗಿಸುವ ಬೇಸ್ ಇಷ್ಟ ಅಂದರೆ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದಕ್ಕೆ ಆರಿಸುವ ದಾರಿ ಬೇರೆ.

## ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು

ದೊಡ್ಡ ಸಾಮಾನೇನೂ ಬೇಡ. ಈಗ ಬಳಸುತ್ತಿರುವ ಇಯರ್‌ಫೋನ್, ಅದರ ಜೊತೆ ಬಂದಿದ್ದ ಎಲ್ಲಾ ಸೈಜಿನ ರಬ್ಬರ್ ಟಿಪ್‌ಗಳು (ಡಬ್ಬಿಯಲ್ಲೇ ಬಿದ್ದಿರುತ್ತವೆ, ಹುಡುಕಿ), ಫೋನಿಗೆ ಒಂದು ಟೋನ್ ಜನರೇಟರ್ ಆ್ಯಪ್, ಅಂದರೆ ಬೇಕಾದ ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ, ಕಮ್ಮಿ ಇದ್ದರೆ ದಪ್ಪ ಸದ್ದು, ಹೆಚ್ಚಿದ್ದರೆ ಚೂಪು) ಸದ್ದು ಹೊರಡಿಸುವಂಥದ್ದು. ಪ್ಲೇ ಸ್ಟೋರಿನಲ್ಲಿ ಉಚಿತವಾಗಿ ಬೇಕಾದಷ್ಟು ಸಿಗುತ್ತವೆ.

ಜೊತೆಗೆ ನಿಮಗೆ ಬಾಯಿಪಾಠ ಆಗಿರುವ ಮೂರ್ನಾಲ್ಕು ರೆಕಾರ್ಡಿಂಗ್ ಬೇಕು. ಒಂದು ಬರೀ ಮಾತು, ಒಂದು ಗಂಡು ದನಿ, ಒಂದು ಹೆಣ್ಣು ದನಿ, ಒಂದು ತಬಲಾ ಅಥವಾ ಡೋಲು ಚೆನ್ನಾಗಿ ಕೇಳುವಂಥದ್ದು. ನೀವೇ ಎದುರಿಗೆ ಕೂತು ಕೇಳಿದ ಹಾರ್ಮೋನಿಯಂ, ನೀವೇ ರೆಕಾರ್ಡ್ ಮಾಡಿದ ಮನೆಯವರ ಮಾತು ಇದ್ದರೆ ಇನ್ನೂ ಒಳ್ಳೆಯದು. ನಿಜವಾದ ದನಿ ಹೇಗಿತ್ತು ಅಂತ ನಿಮಗೆ ಗೊತ್ತಿರುತ್ತದೆ. ಹೊಸ ಇಯರ್‌ಫೋನ್ ಬಂದ ಖುಷಿಯಲ್ಲಿ ಹೊಸ ಹಾಡು ಹಾಕಿ ಕೇಳಿದರೆ ಏನೂ ತಿಳಿಯಲ್ಲ.

## ಹಂತ 1: ಎಲ್ಲಿ ಕೂತು ಕೇಳುತ್ತೀರಿ ಅಂತ ತೀರ್ಮಾನಿಸಿ

ಮನೆಯಲ್ಲಿ ಕೂತು ಎಡಿಟ್ ಮಾಡುವುದಕ್ಕೆ, ಹಾಡು ಅಭ್ಯಾಸ ಮಾಡುವುದಕ್ಕೆ ಬೇಕಾದರೆ ತಂತಿ ಇರುವುದನ್ನೇ ತಗೊಳ್ಳಿ. ಅದೇ ದುಡ್ಡಿಗೆ ಧ್ವನಿ ಹೆಚ್ಚು ಸರಿಯಾಗಿರುತ್ತದೆ, ತಡ ಇರುವುದಿಲ್ಲ, ಬ್ಯಾಟರಿ ಸತ್ತು ಮೂಲೆ ಸೇರುವ ಚಿಂತೆಯೂ ಇಲ್ಲ. ಬ್ಲೂಟೂತ್‌ನಲ್ಲಿ ಕೀಬೋರ್ಡ್ ನುಡಿಸುತ್ತಾ ಕೇಳಿದರೆ ಬೆರಳು ಒತ್ತಿದ್ದಕ್ಕೂ ಸದ್ದು ಬರುವುದಕ್ಕೂ ಗ್ಯಾಪ್ ಗೊತ್ತಾಗುತ್ತದೆ. ಆ ಕೆಲಸಕ್ಕೆ ಅದು ಆಗಿಬರಲ್ಲ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರ ಲೆಕ್ಕ ಬೇರೆ. ಬಸ್ಸಿನ ಇಂಜಿನ್ನು, ಟೈರಿನ ಸದ್ದು ಹೆಚ್ಚಾಗಿ ಕೆಳಗಿನ ಹರ್ಟ್ಸ್‌ಗಳಲ್ಲೇ ಇರುವುದರಿಂದ ಅದು ಹಾಡಿನ ಬೇಸನ್ನೇ ಮೊದಲು ಮುಚ್ಚುತ್ತದೆ. ಮನೆಯಲ್ಲಿ ಸಮವಾಗಿ ಕೇಳಿದ ಇಯರ್‌ಫೋನ್ ಬಸ್ಸಿನಲ್ಲಿ ತೆಳ್ಳಗೆ ಅನ್ನಿಸುವುದು ಇದಕ್ಕೇ. ಬಸ್ಸಿನಲ್ಲಿ ಕೇಳಿ ಬೇಸ್ ಕಮ್ಮಿ ಅಂತ ತೀರ್ಪು ಕೊಡಬೇಡಿ. ಕೇಳುವುದೆಲ್ಲಾ ಬಸ್ಸಿನಲ್ಲೇ ಆದರೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ಇಯರ್‌ಬಡ್ ನೋಡಿ, ಅದರ ಆ್ಯಪಿನಲ್ಲಿ ಇಕ್ವಲೈಜರ್, ಅಂದರೆ ಬೇಸ್, ದನಿ ಇವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಚಿತ್ರದುರ್ಗದ ಕಡೆಯ ಗಾಳಿಗೆ ಇಂಥ ಇಯರ್‌ಬಡ್‌ಗಳ ಮೈಕ್ ಭರ್ ಅಂತ ಸದ್ದು ಮಾಡುವುದುಂಟು. ಹೊರಗೆ ನಡೆದಾಡುತ್ತಾ ಕೇಳುವವರು ಗಾಳಿ ಸದ್ದು ತಗ್ಗಿಸುವ ಸೆಟ್ಟಿಂಗ್ ಇದೆಯಾ ಅದನ್ನೂ ನೋಡಬೇಕು. ಬೈಕಿನ ಮೇಲೆ ಯಾವುದನ್ನೂ ಹಾಕಬೇಡಿ. ಹಿಂದಿನ ಲಾರಿಯ ಹಾರ್ನ್ ಕೇಳಿಸಬೇಕು.

## ಹಂತ 2: ನಿಮ್ಮ ಫೋನಿನಲ್ಲಿ ಜ್ಯಾಕ್ ಇದೆಯಾ, ಡಾಂಗಲ್ ಬೇಕಾ?

ಫೋನಿನಲ್ಲಿ 3.5 ಮಿಮೀ ಜ್ಯಾಕ್ ಇದ್ದರೆ ಸದ್ಯಕ್ಕೆ ಮುಂದಿನ ಹಂತಕ್ಕೆ ಹೋಗಿ. ಟೈಪ್-ಸಿ ಮಾತ್ರ ಇದ್ದರೆ ಡಾಂಗಲ್, ಅಂದರೆ ಟೈಪ್-ಸಿಗೆ ಸಿಕ್ಕಿಸಿ ಜ್ಯಾಕ್ ಕೊಡುವ ಚಿಕ್ಕ ಅಡಾಪ್ಟರ್ ಬೇಕು. ಇಲ್ಲಿ ನಿಲ್ಲಿ, ಬಹಳ ಜನ ಎಡವುವುದು ಇಲ್ಲೇ.

ಅಶೋಕ ರಸ್ತೆಯಲ್ಲೋ ಮಂಡಿಪೇಟೆಯಲ್ಲೋ ಯಾವುದೇ ಮೊಬೈಲ್ ಅಂಗಡಿಯಲ್ಲಿ "ಟೈಪ್-ಸಿ ಟು ಜ್ಯಾಕ್ ಕೊಡಿ" ಅಂತ ಕೇಳಿದರೆ ನೋಡುವುದಕ್ಕೆ ಒಂದೇ ಥರ ಇರುವ ಎರಡು ಬಗೆಯಲ್ಲಿ ಯಾವುದೋ ಒಂದು ಕೈಗೆ ಬರುತ್ತದೆ. ಒಂದು ಬರೀ ತಂತಿ. ಫೋನು ಟೈಪ್-ಸಿಯಿಂದ ಅನಲಾಗ್ ಸಿಗ್ನಲ್ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ, ಎಷ್ಟೋ ಫೋನುಗಳು ಕೊಡುವುದಿಲ್ಲ. ಇನ್ನೊಂದರ ಒಳಗೆ ಡ್ಯಾಕ್ ಅನ್ನುವ ಚಿಪ್ ಇರುತ್ತದೆ. ಡಿಜಿಟಲ್ ಸಿಗ್ನಲನ್ನು ಸದ್ದಾಗಿಸುವ ಕೆಲಸ ಅದೇ ಮಾಡುತ್ತದೆ. ನಿಮಗೆ ಬೇಕಾದದ್ದು ಡ್ಯಾಕ್ ಇರುವುದು. ಪ್ಯಾಕೆಟ್ ಮೇಲೆ ಡ್ಯಾಕ್ ಅಂತ ಬರೆದಿರಬೇಕು, ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ಸದ್ದು ಬರುವುದನ್ನು ಕೇಳಿಯೇ ದುಡ್ಡು ಕೊಡಿ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇಯರ್‌ಫೋನಿನ ಡಬ್ಬಿ ಮೇಲೆ 16 ಓಮ್, 32 ಓಮ್ ಅಂತ ಬರೆದಿರುತ್ತಾರಲ್ಲ, ಅದು ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ. ಫೋನು, ಡಾಂಗಲ್, ಲ್ಯಾಪ್‌ಟಾಪ್ ಇವುಗಳ ಜ್ಯಾಕಿಗೂ ತನ್ನದೇ ಒಂದು ಔಟ್‌ಪುಟ್ ಇಂಪೀಡೆನ್ಸ್ ಇರುತ್ತದೆ. ಅದು ಇಯರ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಆಗಬಾರದು ಅನ್ನುವುದು ಬಳಕೆಯ ಲೆಕ್ಕ. 16 ಓಮ್ ಇಯರ್‌ಫೋನ್ ಅಂದರೆ 2 ಓಮ್ ಒಳಗೆ. ಮೀರಿದರೆ ಏನಾಗುತ್ತದೆ? ಒಂದಕ್ಕಿಂತ ಹೆಚ್ಚು ಡ್ರೈವರ್ (ಒಳಗೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್) ಇರುವ ಇಯರ್‌ಫೋನುಗಳ ಇಂಪೀಡೆನ್ಸ್ ಒಂದೊಂದು ಹರ್ಟ್ಸ್‌ನಲ್ಲಿ ಒಂದೊಂದು ಥರ ಇರುವುದರಿಂದ ಧ್ವನಿಯ ತೂಕವೇ ಬದಲಾಗಿಬಿಡುತ್ತದೆ. ಟ್ರೂಥಿಯರ್ ಝೀರೋ ರೆಡ್ ಅನ್ನುವ ಇಯರ್‌ಫೋನಿನ ಜೊತೆ ಕಂಪನಿಯವರೇ 10 ಓಮ್‌ನ ಒಂದು ಚಿಕ್ಕ ಅಡಾಪ್ಟರ್ ಕೊಡುತ್ತಾರೆ. ನಡುವೆ ಅದನ್ನು ಸಿಕ್ಕಿಸಿದ ಕೂಡಲೇ ಬೇಸ್ ಏರುತ್ತದೆ. ಅವರು ಬೇಕಂತಲೇ ಮಾಡಿರುವುದು ಹಳೇ ಲ್ಯಾಪ್‌ಟಾಪ್ ಜ್ಯಾಕಿನಲ್ಲಿ ನಿಮಗೆ ಗೊತ್ತಿಲ್ಲದೇ ಆಗಿರಬಹುದು.

ಎಚ್ಚರಿಕೆಯ ಗುರುತು: ಹಾಡು ನಿಲ್ಲಿಸಿದರೂ ಸ್‌ಸ್‌ಸ್ ಅಂತ ಸದ್ದು, ಚಾರ್ಜಿಗೆ ಹಾಕಿದಾಗ ಕಿರ್ ಅನ್ನುವುದು, ಒಂದೇ ಇಯರ್‌ಫೋನ್ ಫೋನಿನಲ್ಲಿ ಒಂದು ಥರ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಥರ ಕೇಳುವುದು. ಇವು ಕಂಡರೆ ಮೊದಲು ಡಾಂಗಲ್ ಬದಲಿಸಿ ನೋಡಿ, ಇಯರ್‌ಫೋನ್ ಬೈಯುವುದು ಆಮೇಲೆ.

## ಹಂತ 3: ಕಿವಿಗೆ ಗಾಳಿಯಾಡದ ಹಾಗೆ ಕೂರಿಸುವುದು

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. "ಬೇಸ್ ಇಲ್ಲ" ಅನ್ನುವ ದೂರಿನಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತದೆ, ಹೊಸದು ಕೊಳ್ಳುವ ಅಗತ್ಯವೇ ಬೀಳಲ್ಲ.

ಇನ್-ಇಯರ್, ಅಂದರೆ ಕಿವಿಯ ನಾಳದ ಒಳಗೆ ಕೂರುವ ಇಯರ್‌ಫೋನಿನ ಡ್ರೈವರ್ ತೀರಾ ಚಿಕ್ಕದು. ಕಿವಿಯ ನಾಳದಲ್ಲಿ ಸಿಕ್ಕಿಕೊಂಡ ಇಷ್ಟೇ ಇಷ್ಟು ಗಾಳಿಯನ್ನು ಅದು ಒತ್ತಿ ಬಿಡುವುದರಿಂದಲೇ ಬೇಸ್ ಹುಟ್ಟುವುದು. ಟಿಪ್‌ನ ಪಕ್ಕದಲ್ಲಿ ಸಂದಿ ಉಳಿದರೆ ಆ ಒತ್ತಡ ಹೊರಗೆ ಹೋಗುತ್ತದೆ, ಬೇಸ್ ಬಿದ್ದುಹೋಗುತ್ತದೆ. ಬೇಸ್ ಬಿದ್ದ ಮೇಲೆ ಉಳಿದದ್ದು ಚುಚ್ಚುವ ಹಾಗೆ ಕೇಳುತ್ತದೆ. ಆಗ ಜನ ಟ್ರೆಬಲ್ (ಮೇಲಿನ, ಚೂಪು ಸದ್ದು) ಜಾಸ್ತಿ ಅಂತ ಇಯರ್‌ಫೋನ್ ಬದಲಿಸುತ್ತಾರೆ.

ಹಾಕುವ ರೀತಿ ಹೀಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ನಾಳ ನೇರ ಆಗುತ್ತದೆ. ಬಲಗೈಯಿಂದ ಇಯರ್‌ಫೋನನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ, ಆಮೇಲೆ ಕಿವಿ ಬಿಡಿ. ಚರ್ಮ ಟಿಪ್‌ನ ಸುತ್ತ ಬಂದು ಕೂರುತ್ತದೆ. ಸುಮ್ನೆ ಹೊರಗಿನಿಂದ ಬೆರಳಲ್ಲಿ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ.

ಈಗ ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ಹಾಡು ಹಾಕದೇ ಗಟ್ಟಿಯಾಗಿ "ಊ..." ಅನ್ನಿ. ನಿಮ್ಮ ದನಿ ತಲೆಯ ಒಳಗೇ ತುಂಬಿಕೊಂಡು ಗುಂಯ್‌ಗುಟ್ಟಬೇಕು, ಎರಡೂ ಕಡೆ ಸಮವಾಗಿ. ಒಂದು ಕಡೆ ಮಾತ್ರ ದನಿ ಹೊರಗಿನದರ ಹಾಗೆ ಕೇಳಿದರೆ ಆ ಕಡೆ ಸೀಲ್ ಆಗಿಲ್ಲ.

ಎರಡನೆಯದು, ಟೋನ್ ಜನರೇಟರಿನಲ್ಲಿ 50 ಹರ್ಟ್ಸ್ ಹಾಕಿ, ವಾಲ್ಯೂಮ್ ಕಮ್ಮಿಯಲ್ಲಿಟ್ಟುಕೊಂಡೇ. ಅಷ್ಟು ಕೆಳಗಿನ ಸದ್ದು ಕಿವಿಗೆ ಸಹಜವಾಗಿಯೇ ಮೆಲ್ಲಗೆ ಕೇಳುವುದರಿಂದ ಗಟ್ಟಿ ಇಲ್ಲ ಅಂತ ಗಾಬರಿ ಬೇಡ. ಈಗ ಎರಡೂ ಇಯರ್‌ಫೋನನ್ನು ಬೆರಳಿಂದ ಹಗುರಾಗಿ ಒಳಗೆ ಒತ್ತಿ ಹಿಡಿಯಿರಿ. ಸದ್ದು ಹಾಗೇ ಇದ್ದರೆ ಸೀಲ್ ಸರಿಯಾಗಿದೆ. ಒತ್ತಿದಾಗ ಬೇಸ್ ಏರಿ, ಬಿಟ್ಟಾಗ ಇಳಿದರೆ ಟಿಪ್ ಸೈಜು ತಪ್ಪು.

ಮೂರನೆಯದು, ದವಡೆ ಆಡಿಸಿ. ಮಂಡಕ್ಕಿ ಅಗಿಯುವಷ್ಟು ಹೊತ್ತು ಬಾಯಿ ಆಡಿಸಿದರೆ ಸಾಕು, ಸಡಿಲ ಇರುವ ಟಿಪ್ ತಾನೇ ಹೊರಗೆ ಜಾರುತ್ತದೆ.

ಟಿಪ್ ಬದಲಿಸುವಾಗ ಒಂದು ತಿಳಿದಿರಲಿ: ಎಡ ಬಲ ಕಿವಿಗಳು ಒಂದೇ ಅಳತೆ ಇರಬೇಕಂತಿಲ್ಲ. ಎಡಕ್ಕೆ ಮೀಡಿಯಂ, ಬಲಕ್ಕೆ ಲಾರ್ಜ್ ಹಾಕಿಕೊಳ್ಳುವವರು ಬಹಳ ಜನ ಇದ್ದಾರೆ. "ಚಿಕ್ಕದು ಹಾಕಿದರೆ ಒಳಗೆ ಚೆನ್ನಾಗಿ ಹೋಗುತ್ತೆ" ಅಂತ ಚಿಕ್ಕ ಟಿಪ್ ಹಾಕುವುದು ಸಾಮಾನ್ಯ ತಪ್ಪು. ಒಳಗೆ ಹೋಗುತ್ತದೆ, ಸೀಲ್ ಆಗಲ್ಲ. ಒಂದು ಸೈಜ್ ದೊಡ್ಡದನ್ನು ಹಾಕಿ ನೋಡಿ. ಅರ್ಧ ಗಂಟೆಗೆ ನೋವು ಬಂದರೆ ಅದು ಬೇಡ, ಯಾಕೆಂದರೆ ನೋಯುವ ಇಯರ್‌ಫೋನ್ ಎಷ್ಟು ಚೆನ್ನಾಗಿ ಕೇಳಿದರೂ ನೀವು ಬಳಸುವುದಿಲ್ಲ.

ಫೋಮ್ ಟಿಪ್ ಸೀಲ್ ಮಾಡುವುದರಲ್ಲಿ ಗಟ್ಟಿ. ಹಿಸುಕಿ ಒಳಗೆ ಇಟ್ಟು, ಅದು ಉಬ್ಬುವ ತನಕ ಬೆರಳಲ್ಲಿ ಹಿಡಿದಿರಬೇಕು. ಟ್ರೆಬಲ್ಲನ್ನು ಅದು ಸ್ವಲ್ಪ ತಗ್ಗಿಸುತ್ತದೆ, ಬೇಗ ಕೊಳೆಯಾಗುತ್ತದೆ, ಕೆಲವು ತಿಂಗಳಿಗೆ ಬದಲಿಸಬೇಕು. ಕಿವಿ ಚಿಕ್ಕದಿರುವವರು ಕೊಳ್ಳುವ ಮುಂಚೆ ನಾಝಲ್ ಎಷ್ಟು ದಪ್ಪ ಅಂತ ನೋಡಲೇಬೇಕು. ಟಿಪ್ ಸಿಕ್ಕಿಸುವ ಆ ಕೊಳವೆಯೇ 6 ಮಿಮೀ ದಾಟಿದ್ದರೆ ಯಾವ ಟಿಪ್ ಹಾಕಿದರೂ ನೋವು ತಪ್ಪಲ್ಲ.

ಎಚ್ಚರಿಕೆಯ ಗುರುತು: ಒಂದು ಕಿವಿಯಲ್ಲಿ ಯಾವ ಇಯರ್‌ಫೋನ್ ಹಾಕಿದರೂ ಸದ್ದು ಮಂದ ಅನ್ನಿಸಿದರೆ ಒಳಗೆ ಗುಗ್ಗೆ ಕಟ್ಟಿರಬಹುದು. ಪಿನ್ನು, ಕಡ್ಡಿ ಹಾಕಬೇಡಿ. ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಟಿಪ್ ಹಾಕಿ ತೆಗೆದು ಮಾಡುವಾಗ ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ ಅನ್ನುವುದೂ ನೆನಪಿರಲಿ.

## ಹಂತ 4: ಗ್ರಾಫ್ ಓದುವುದು ಕಲಿಯಿರಿ

ನಮ್ಮ ಊರುಗಳಲ್ಲಿ ಹತ್ತು ಇಯರ್‌ಫೋನ್ ಕಿವಿಗೆ ಹಾಕಿ ನೋಡಿ ಆರಿಸುವಂಥ ಅಂಗಡಿ ಸಿಗುವುದು ಕಷ್ಟ. ಅದಕ್ಕೇ ಗ್ರಾಫ್ ಓದಲು ಬರಬೇಕು. ಕೇಳದೇ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ಆಧಾರ ಇಲ್ಲ. ಸ್ಕ್ವಿಗ್ ಲಿಂಕ್ ಅನ್ನುವ ತಾಣದಲ್ಲಿ ಬೇರೆ ಬೇರೆಯವರು ಅಳತೆ ಮಾಡಿದ ನೂರಾರು ಇಯರ್‌ಫೋನುಗಳ ಗ್ರಾಫ್ ಉಚಿತವಾಗಿ ಸಿಗುತ್ತದೆ.

ಅಡ್ಡಗೆರೆಯಲ್ಲಿ ಎಡದಿಂದ ಬಲಕ್ಕೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ತನಕ ಇರುತ್ತದೆ. ಎಡಗಡೆ ಬೇಸ್, ನಡುವೆ ದನಿ, ಬಲಗಡೆ ಟ್ರೆಬಲ್. ನಿಂತ ಗೆರೆಯಲ್ಲಿ ಡೆಸಿಬಲ್, ಅಂದರೆ ಎಷ್ಟು ಗಟ್ಟಿ.

ಇಲ್ಲಿ ಎಲ್ಲರಿಗೂ ಆಗುವ ಗೊಂದಲ ಒಂದಿದೆ. ಸಮತೋಲ ಅಂದರೆ ಗ್ರಾಫಿನಲ್ಲಿ ಗೆರೆ ನೇರ ಇರಬೇಕು ಅಲ್ವಾ? ಹಾಗಲ್ಲ. ನಾವು ಬರಿಗಿವಿಯಲ್ಲಿ ಕೇಳುವಾಗ ಹೊರಗಿವಿ, ಕಿವಿಯ ನಾಳ ಎರಡೂ ಸೇರಿ 3,000 ಹರ್ಟ್ಸ್ ಸುತ್ತಮುತ್ತಲ ಸದ್ದನ್ನು ಸಾಕಷ್ಟು ಏರಿಸಿ ಒಳಗೆ ಕಳಿಸುತ್ತವೆ. ನಮ್ಮ ಮಿದುಳು ಅದಕ್ಕೇ ಹೊಂದಿಕೊಂಡಿದೆ. ಇಯರ್‌ಫೋನ್ ನಾಳವನ್ನು ಮುಚ್ಚಿ ಒಳಗೇ ಕೂರುವುದರಿಂದ ಆ ಏರಿಕೆ ತಪ್ಪಿಹೋಗುತ್ತದೆ. ತಪ್ಪಿದ್ದನ್ನು ಇಯರ್‌ಫೋನೇ ತುಂಬಿಕೊಡಬೇಕು. ಹಾಗಾಗಿ ಸರಿಯಾದ ಇಯರ್‌ಫೋನಿನ ಗ್ರಾಫಿನಲ್ಲಿ 3,000 ಹರ್ಟ್ಸ್ ಹತ್ತಿರ ಗುಡ್ಡ ಇರಲೇಬೇಕು. ಗೆರೆ ನೇರ ಇದ್ದರೆ ದನಿ ಮಂಕಾಗಿ, ಗಡಿಗೆ ಒಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಗುಡ್ಡ ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೆ ಟಾರ್ಗೆಟ್ ಗೆರೆಗಳಿವೆ, ಗ್ರಾಫ್ ಹೀಗಿರಬೇಕು ಅನ್ನುವ ಮಾದರಿ ಗೆರೆಗಳು. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಅವರ ತಂಡ ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ ರೂಪಿಸಿದ ಟಾರ್ಗೆಟ್ ಹೆಚ್ಚು ಬಳಕೆಯಲ್ಲಿದೆ. ಇನ್-ಇಯರ್‌ಗೆ ಅದರ 2019ರ ಗೆರೆ ನೋಡಿ. ನನ್ನ ಅಭಿಪ್ರಾಯ ಕೇಳಿದರೆ ಎಡಿಟಿಂಗ್ ಮಾಡುವವರಿಗೆ ಆ ಗೆರೆಯ ಬೇಸ್ ಸ್ವಲ್ಪ ಜಾಸ್ತಿಯೇ. ಅದಕ್ಕಿಂತ ಮೂರ್ನಾಲ್ಕು ಡೆಸಿಬಲ್ ಕೆಳಗೆ ಇರುವುದು ಕೆಲಸಕ್ಕೆ ಒಳ್ಳೆಯದು.

ಗ್ರಾಫಿನಲ್ಲಿ ಕಣ್ಣಾಡಿಸಬೇಕಾದ ಜಾಗ ಮೂರು:

1. 20ರಿಂದ 200 ಹರ್ಟ್ಸ್. ಬೇಸ್ ಏರಿದ್ದರೂ ಪರವಾಗಿಲ್ಲ, ಆ ಏರಿಕೆ 200 ಹರ್ಟ್ಸ್ ಹೊತ್ತಿಗೆ ಮುಗಿದಿರಬೇಕು.
2. 200ರಿಂದ 500 ಹರ್ಟ್ಸ್. ಇಲ್ಲಿ ಉಬ್ಬು ಇದ್ದರೆ ಗಂಡು ದನಿ ದಪ್ಪ ಆಗುತ್ತದೆ, ಡಗ್ಗದ ಸದ್ದು ಹರಡಿಕೊಳ್ಳುತ್ತದೆ, ಮಾತು ಸ್ಪಷ್ಟ ಆಗಲ್ಲ. "ಬೇಸ್ ಚೆನ್ನಾಗಿದೆ" ಅಂತ ಹೆಸರು ಮಾಡಿದ ಎಷ್ಟೋ ಅಗ್ಗದ ಇಯರ್‌ಫೋನುಗಳ ಗುಟ್ಟು ಇದೇ ಉಬ್ಬು.
3. 2,000ದಿಂದ 5,000 ಹರ್ಟ್ಸ್. ಗುಡ್ಡ ಟಾರ್ಗೆಟ್‌ಗಿಂತ ತುಂಬಾ ಎತ್ತರ ಇದ್ದರೆ ಓಲಗ, ಹೆಣ್ಣು ದನಿ ಕಿವಿಗೆ ಹೊಡೆಯುತ್ತವೆ. ತಗ್ಗಿದ್ದರೆ ದನಿ ಹಿಂದೆ ಸರಿಯುತ್ತದೆ.

ಬಲತುದಿಯನ್ನು, ಅಂದರೆ 8,000 ಹರ್ಟ್ಸ್‌ನಿಂದ ಆಚೆಗಿನದನ್ನು ತೀರಾ ನಂಬಬೇಡಿ. ಅಳತೆ ಮಾಡುವ ಉಪಕರಣ ಹೆಚ್ಚಾಗಿ ಐಇಸಿ 60318-4 ಅನ್ನುವ ಕೃತಕ ಕಿವಿ, ರೂಢಿಯಲ್ಲಿ 711 ಅನ್ನುತ್ತಾರೆ. ಅದರಲ್ಲಿ 8,000 ಹರ್ಟ್ಸ್ ಹತ್ತಿರ ಒಂದು ಚೂಪಾದ ಶಿಖರ ಬರುವುದುಂಟು. ಇಯರ್‌ಫೋನ್ ಎಷ್ಟು ಒಳಗೆ ಕೂತಿದೆ ಅನ್ನುವುದರ ಮೇಲೆ ಆ ಶಿಖರ ಆಚೀಚೆ ಸರಿಯುತ್ತದೆ, ನಿಮ್ಮ ಕಿವಿಯಲ್ಲಿ ಅದು ಇನ್ನೆಲ್ಲೋ ಇರುತ್ತದೆ. ಬಿ ಆಂಡ್ ಕೆ 5128 ಅನ್ನುವ ಹೊಸ ಉಪಕರಣದ ಗ್ರಾಫನ್ನು 711ರ ಗ್ರಾಫಿನ ಜೊತೆ ಇಟ್ಟು ಹೋಲಿಸುವುದೂ ತಪ್ಪು. ಒಬ್ಬರೇ, ಒಂದೇ ಉಪಕರಣದಲ್ಲಿ ಅಳೆದ ಎರಡು ಗ್ರಾಫ್‌ಗಳನ್ನು ಮಾತ್ರ ಪಕ್ಕಪಕ್ಕ ಇಡಿ. ನಿಮ್ಮ ಹತ್ತಿರ ಈಗಿರುವ ಇಯರ್‌ಫೋನಿನ ಗ್ರಾಫ್ ಸಿಕ್ಕರೆ ಮೊದಲು ಅದನ್ನು ತೆಗೆದು, ಕೇಳಿದ ಸದ್ದಿಗೂ ಕಂಡ ಗೆರೆಗೂ ತಾಳೆ ಹಾಕಿ. ಗ್ರಾಫ್ ಓದುವುದು ಅದರಷ್ಟು ಬೇಗ ಬೇರೆ ಯಾವುದರಿಂದಲೂ ಬರಲ್ಲ.

ಎಚ್ಚರಿಕೆಯ ಗುರುತು: ಡಬ್ಬಿ ಮೇಲೆ "20 ಹರ್ಟ್ಸ್ – 20,000 ಹರ್ಟ್ಸ್" ಅಂತ ಬರೆದಿದ್ದರೆ ಅದರಿಂದ ಏನೂ ತಿಳಿಯಲ್ಲ. ಎಷ್ಟು ಡೆಸಿಬಲ್ ಏರುಪೇರಿನ ಒಳಗೆ ಅಂತ ಹೇಳದಿದ್ದರೆ ಆ ಸಂಖ್ಯೆಗೆ ಅರ್ಥ ಇಲ್ಲ. ಕಂಪನಿಯವರೇ ಹಾಕುವ ಗ್ರಾಫಿನಲ್ಲಿ ಡೆಸಿಬಲ್ ಗೆರೆಯನ್ನು ಕುಗ್ಗಿಸಿ ಎಲ್ಲಾ ಸಪಾಟಾಗಿ ಕಾಣುವ ಹಾಗೆ ಮಾಡಿರುವುದೂ ಇರುತ್ತದೆ.

## ಹಂತ 5: ಎರಡು ಮೂರಕ್ಕೆ ಇಳಿಸಿ

ಡ್ರೈವರ್ ಎಷ್ಟಿವೆ ಅಂತ ಎಣಿಸುವುದು ಬಿಡಿ. ಒಂದೇ ಡ್ರೈವರ್ ಇರುವುದು ಐದಿರುವುದಕ್ಕಿಂತ ಸರಿಯಾಗಿ ಕೇಳುವುದು ಸಾಮಾನ್ಯ, ಕೊನೆಗೆ ಎಣಿಕೆಗೆ ಬರುವುದು ಟ್ಯೂನಿಂಗ್, ಅಂದರೆ ಕಂಪನಿಯವರು ಧ್ವನಿಯನ್ನು ಹೇಗೆ ಹದ ಮಾಡಿದ್ದಾರೆ ಅನ್ನುವುದು. ಹೈ-ರೆಸ್ ಸ್ಟಿಕ್ಕರು, ಬೆಳ್ಳಿ ಬಣ್ಣದ ಕೇಬಲ್ ಇವಕ್ಕೂ ದುಡ್ಡು ಹೆಚ್ಚು ಕೊಡಬೇಡಿ. ಕೇಬಲ್ ಬಿಚ್ಚಿ ಹಾಕುವಂತಿದ್ದರೆ ಅದಕ್ಕೆ ಮಾತ್ರ ಕೊಡಬಹುದು, ತಂತಿ ಕಿತ್ತರೆ ಇಯರ್‌ಫೋನ್ ಎಸೆಯಬೇಕಾಗಿಲ್ಲ.

ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮೂನ್‌ಡ್ರಾಪ್ ಚು 2 ಮತ್ತು ಸೆವೆನ್‌ಹರ್ಟ್ಸ್ ಸಾಲ್‌ನೋಟ್ಸ್ ಝೀರೋ ನೋಡಿ. ಎರಡರಲ್ಲೂ 10 ಮಿಮೀಯ ಒಂದೇ ಡೈನಾಮಿಕ್ ಡ್ರೈವರ್ (ಸ್ಪೀಕರಿನ ಹಾಗೆ ಪೊರೆ ಅದುರುವ ಬಗೆ), ಎರಡಕ್ಕೂ ಕೇಬಲ್ ಬಿಚ್ಚಲು ಬರುತ್ತದೆ. ಚು 2 ಬೇಸ್ ಸ್ವಲ್ಪ ತುಂಬಿಕೊಂಡಿದೆ, ಸಾಲ್‌ನೋಟ್ಸ್ ಝೀರೋ ಇನ್ನಷ್ಟು ಬಿಗಿ. ದನಿ ಎಡಿಟ್ ಮಾಡುವವರಿಗೆ ನಾನು ಝೀರೋ ಹೇಳುತ್ತೇನೆ. ಸಂಜೆ ಹೊತ್ತು ಹಾಡು ಕೇಳುವುದೇ ಜಾಸ್ತಿ ಅಂದರೆ ಚು 2.

ಅದಕ್ಕಿಂತ ಮೇಲೆ ಹೋಗುವುದಾದರೆ ಟ್ರೂಥಿಯರ್ ಹೆಕ್ಸಾ ಇದೆ, ಒಂದು ಡೈನಾಮಿಕ್, ಮೂರು ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವ ಇನ್ನೊಂದು ಬಗೆಯ ಡ್ರೈವರ್. ಟ್ರೆಬಲ್ ಶಾಂತವಾಗಿದೆ, ಎಡಿಟಿಂಗಿಗೆ ಬಹಳ ಹೊತ್ತು ಹಾಕಿಕೊಂಡರೂ ಕಿವಿ ದಣಿಯಲ್ಲ. ಅದರ ಅಂಚುಗಳು ಕೋನ ಕೋನವಾಗಿರುವುದರಿಂದ ಕೆಲವರ ಕಿವಿಗೆ ಒತ್ತುತ್ತದೆ. ಹೊರಗಿನ ಸದ್ದು ಪೂರ್ತಿ ಮುಚ್ಚಬೇಕು, ಅಳತೆಯ ಮಟ್ಟಿಗೆ ಸರಿಯಾಗಿರಬೇಕು ಅನ್ನುವವರಿಗೆ ಎಟಿಮೋಟಿಕ್ ಇಆರ್2ಎಸ್‌ಇ. ಮೂರು ಅಂಚಿನ ಅದರ ಟಿಪ್ ಕಿವಿಯಲ್ಲಿ ತೀರಾ ಒಳಕ್ಕೆ ಹೋಗುತ್ತದೆ, ಎಲ್ಲರಿಗೂ ಆಗಿಬರಲ್ಲ. ಆಗಿಬಂದವರು ಬೇರೆಯದನ್ನು ಮುಟ್ಟುವುದು ಕಮ್ಮಿ. ಇದೇ ಸಾಲಿನ ಎಕ್ಸ್‌ಆರ್ ಅನ್ನುವುದರಲ್ಲಿ ಬೇಸ್ ಜಾಸ್ತಿ, ತರಿಸುವಾಗ ಹೆಸರು ಸರಿಯಾಗಿ ನೋಡಿ.

ಬೆಲೆಗಳು ಏರಿಳಿಯುತ್ತಿರುತ್ತವೆ. ಹತ್ತು ಸಾವಿರ ದಾಟಿದ ಮೇಲೆ ಸಮತೋಲ ಅನ್ನುವ ಒಂದೇ ಕಾರಣಕ್ಕೆ ಹೆಚ್ಚು ಕೊಡುವ ಅಗತ್ಯ ನನಗೆ ಕಂಡಿಲ್ಲ.

## ಹಂತ 6: ಕೊಳ್ಳುವಾಗ

ಡಬ್ಬಿಯ ಸೀಲ್ ಒಡೆದ ಇನ್-ಇಯರನ್ನು ಶುಚಿತ್ವದ ಕಾರಣ ಕೊಟ್ಟು ಎಷ್ಟೋ ಕಡೆ ವಾಪಸ್ ತಗೊಳ್ಳಲ್ಲ. ಆರ್ಡರ್ ಮಾಡುವ ಮುಂಚೆ ವಾಪಸಾತಿಯಾ ಅಥವಾ ಬರೀ ಬದಲಿ ಕೊಡುವುದಾ ಅಂತ ಓದಿಕೊಳ್ಳಿ. ಮಾರುವವರು ಯಾರು, ವಾರಂಟಿ ಕೊಡುವವರು ಯಾರು ನೋಡಿ. ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಹೆಸರಾಂತ ಕಂಪನಿಯ ಮಾಲು ಅರ್ಧ ಬೆಲೆಗೆ ಸಿಕ್ಕರೆ ನಕಲಿ ಇರುವ ಸಾಧ್ಯತೆಯೇ ಹೆಚ್ಚು. ಮಾತಿಗೆ ತಪ್ಪಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

## ಹಂತ 7: ಬಂದ ದಿನವೇ ಪರೀಕ್ಷೆ

ಹಾಡು ಆಮೇಲೆ. ವಾಪಸಾತಿಯ ಗಡುವು ಮುಗಿಯುವ ಮುಂಚೆ ದೋಷ ಇದೆಯಾ ಅಂತ ತಿಳಿಯಬೇಕು. ಫೋನಿನ ಡಾಲ್ಬಿ, ಬೇಸ್ ಬೂಸ್ಟ್, 3ಡಿ ಸರೌಂಡ್ ಎಲ್ಲಾ ಆಫ್ ಮಾಡಿ. ಹೊಸ ಫೋನುಗಳಲ್ಲಿ ಇವು ಮೊದಲಿಂದಲೇ ಆನ್ ಆಗಿರಬಹುದು, ಸೆಟ್ಟಿಂಗಿನಲ್ಲಿ ಹುಡುಕಿ.

ಎಡ ಬಲ ಸಮ ಇದೆಯಾ? ಮೋನೋ ಮಾಡಿ, ಅಂದರೆ ಎರಡೂ ಕಡೆ ಒಂದೇ ಸದ್ದು ಬರುವ ಹಾಗೆ ಮಾಡಿ ಒಬ್ಬರ ಮಾತು ಹಾಕಿ. ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಎಡಬಲ ಅದಲುಬದಲು ಮಾಡಿ ಹಾಕಿಕೊಳ್ಳಿ. ವಾಲುವ ದಿಕ್ಕು ಬದಲಾದರೆ ದೋಷ ಇಯರ್‌ಫೋನಿನದು. ಬದಲಾಗದಿದ್ದರೆ ನಿಮ್ಮ ಸೀಲ್ ಅಥವಾ ಕಿವಿಯದು.

ಪೋಲಾರಿಟಿ. ಎರಡು ಪಿನ್ನಿನ ಕೇಬಲನ್ನು ಒಂದು ಕಡೆ ಉಲ್ಟಾ ಸಿಕ್ಕಿಸಿದರೆ ದನಿ ನಡುವಿನಿಂದ ಮಾಯ ಆಗಿ ಆಚೀಚೆ ಚದುರಿ, ಪೊಳ್ಳಾಗಿ ಕೇಳುತ್ತದೆ, ಬೇಸೂ ಕಮ್ಮಿ. ಹಾಗೆ ಅನ್ನಿಸಿದರೆ ಒಂದು ಕಡೆಯ ಪಿನ್ ತೆಗೆದು ತಿರುಗಿಸಿ ಹಾಕಿ.

ಸ್ವೀಪ್. ಟೋನ್ ಜನರೇಟರಿನಲ್ಲಿ 20ರಿಂದ ಮೆಲ್ಲಗೆ ಮೇಲಕ್ಕೆ ಹೋಗಿ, ವಾಲ್ಯೂಮ್ ಕಡಿಮೆ ಇಟ್ಟು. ಎಲ್ಲಾದರೂ ಬರ್‌ಬರ್ ಅಂತ ಅದುರಿದರೆ ಒಳಗೆ ಏನೋ ಸಡಿಲ ಇದೆ. 6,000ದಿಂದ 9,000ದ ನಡುವೆ ಒಂದು ಕಡೆ ಚುರುಕ್ ಅಂತ ಚುಚ್ಚಿದರೆ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದು ನಿಮ್ಮ ಕಿವಿಯ ಶಿಖರ, ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಇಷ್ಟಾದ ಮೇಲೆ ನಿಮ್ಮ ರೆಕಾರ್ಡಿಂಗ್‌ಗಳನ್ನು ಕೇಳಿ. ಮಾತಿನಲ್ಲಿ "ಸ", "ಶ", "ಚ" ಬಂದಾಗ ಕಣ್ಣು ಮುಚ್ಚಿಕೊಳ್ಳುವಂತಾದರೆ 5,000ದಿಂದ 8,000 ಹರ್ಟ್ಸ್ ಹೆಚ್ಚಿದೆ. ತಬಲಾದಲ್ಲಿ ಡಗ್ಗದ ಗುಮಕ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಗುರುತಿಸಲು ಬರಬೇಕು. ಹಾರ್ಮೋನಿಯಂನಲ್ಲಿ ಮಂದ್ರದಿಂದ ತಾರಕ್ಕೆ ಹೋಗುವಾಗ ಯಾವುದೋ ಒಂದೆರಡು ಸ್ವರ ಮಾತ್ರ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಅಲ್ಲಿ ಉಬ್ಬಿದೆ.

ಎರಡು ಇಯರ್‌ಫೋನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಗಟ್ಟಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತದೆ, ಎಲ್ಲರ ಕಿವಿಯೂ. ಗಣಪತಿ ಮೆರವಣಿಗೆಯ ಡಿಜೆ ಎದುರು ನಿಂತು ಬಂದ ದಿನ, ಮಾರನೇ ದಿನ ಈ ಪರೀಕ್ಷೆ ಬೇಡ. ಕಿವಿ ತಾತ್ಕಾಲಿಕವಾಗಿ ಮಂದ ಆಗಿರುತ್ತದೆ, ತೀರ್ಪು ತಪ್ಪುತ್ತದೆ. ಇನ್ನು, ಬೇಸ್ ಹೆಚ್ಚಿರುವುದಕ್ಕೆ ಒಗ್ಗಿದವರಿಗೆ ಸಮತೋಲದ್ದು ಮೊದಮೊದಲು ಸಪ್ಪೆ ಅನ್ನಿಸಿಯೇ ಅನ್ನಿಸುತ್ತದೆ. ಕೆಲವು ದಿನ ಅದೊಂದನ್ನೇ ಬಳಸಿ, ಆಮೇಲೆ ಹಳೆಯದನ್ನು ಹಾಕಿ ನೋಡಿ. ಬದಲಾಗುವುದು ಹೆಚ್ಚಾಗಿ ನಿಮ್ಮ ಅಭ್ಯಾಸ. ನೂರು ಗಂಟೆ ಹಾಡು ಹಾಕಿಟ್ಟು ಇಯರ್‌ಫೋನನ್ನು ಪಳಗಿಸಬೇಕು ಅನ್ನುವ ಮಾತು ಕೇಳಿ ವಾಪಸಾತಿಯ ದಿನ ಕಳೆದುಕೊಳ್ಳಬೇಡಿ.

## ಹಂತ 8: ಉಳಿದ ಏರುಪೇರಿಗೆ ಇಕ್ವಲೈಜರ್

ಆಂಡ್ರಾಯ್ಡ್ ಫೋನಿಗೆ ವೇವ್‌ಲೆಟ್, ವಿಂಡೋಸ್‌ಗೆ ಇಕ್ವಲೈಜರ್ ಎಪಿಒ ಒಳ್ಳೆಯವು. ವೇವ್‌ಲೆಟ್‌ನಲ್ಲಿ ಸಾವಿರಾರು ಮಾಡೆಲ್‌ಗಳಿಗೆ ಸಿದ್ಧ ಸೆಟ್ಟಿಂಗ್ ಇವೆ, ನಿಮ್ಮದನ್ನು ಹುಡುಕಿ ಹಾಕಿ. ಅದನ್ನು ಆರಂಭ ಅಂತಷ್ಟೇ ತಿಳಿಯಿರಿ.

ಏರಿಸುವುದಕ್ಕಿಂತ ಇಳಿಸುವುದರಿಂದ ಶುರು ಮಾಡಿ. ದನಿ ಕೇಳಲ್ಲ ಅಂದರೆ ದನಿ ಏರಿಸುವ ಮುಂಚೆ 250 ಹರ್ಟ್ಸ್ ಹತ್ತಿರ 2 ಡೆಸಿಬಲ್ ಇಳಿಸಿ ನೋಡಿ, ಬಹಳ ಸಲ ಅಷ್ಟೇ ಸಾಕಾಗುತ್ತದೆ. ಏರಿಸಲೇಬೇಕಾದರೆ ಎಷ್ಟು ಏರಿಸಿದಿರೋ ಅಷ್ಟು ಪ್ರೀಆಂಪನ್ನು (ಇಕ್ವಲೈಜರಿನಲ್ಲಿ ಒಟ್ಟು ಸದ್ದಿನ ಮಟ್ಟ) ಇಳಿಸಿ, ಇಲ್ಲದಿದ್ದರೆ ಗಟ್ಟಿ ಸದ್ದು ಬಂದಾಗ ಒಡೆಯುತ್ತದೆ. ಹಿಂದಿನ ಹಂತದಲ್ಲಿ ಬರೆದಿಟ್ಟ ಶಿಖರದ ಹತ್ತಿರ ಕಿರಿದಾಗಿ 3 ಡೆಸಿಬಲ್ ಇಳಿಸಿದರೆ ಚುಚ್ಚುವುದು ನಿಲ್ಲುತ್ತದೆ. ಸೀಲ್ ಆಗದ ಕಿವಿಗೆ ಇಕ್ವಲೈಜರಿನಿಂದ ಬೇಸ್ ತುಂಬಲು ಹೋಗಬೇಡಿ. ಎಷ್ಟು ಏರಿಸಿದರೂ ಸೋರಿಹೋಗುತ್ತದೆ, ಡ್ರೈವರಿಗೆ ಸುಮ್ನೆ ಹೊರೆ.

## ಹಂತ 9: ವಾಲ್ಯೂಮ್ ಮತ್ತು ಜಾಲರಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ, 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಎಡಿಟಿಂಗ್ ಮಾಡುವವರಿಗೆ ಇದು ಬೇಗ ಮುಟ್ಟುವ ಮಿತಿ. ವಾಲ್ಯೂಮ್ ಒಂದು ಮಟ್ಟಕ್ಕೆ ಗುರುತು ಮಾಡಿಟ್ಟು ಅದರಲ್ಲೇ ಕೆಲಸ ಮಾಡಿ. ಮಟ್ಟ ಬದಲಾದರೆ ಬೇಸ್ ಕೇಳುವ ಪ್ರಮಾಣವೂ ಬದಲಾಗುವುದರಿಂದ ಮಿಕ್ಸಿಂಗಿಗೂ ಇದು ಬೇಕು. ಇಯರ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಆರು ತಿಂಗಳಾದ ಮೇಲೆ "ಒಂದು ಕಡೆ ಸದ್ದು ಕಮ್ಮಿ ಆಯ್ತು" ಅನ್ನುವವರು ಮೊದಲು ನಾಝಲ್ ತುದಿಯ ಜಾಲರಿ ನೋಡಿ. ಟಿಪ್ ತೆಗೆದು ಬೆಳಕಿಗೆ ಹಿಡಿದರೆ ಗುಗ್ಗೆಯಿಂದ ಮುಚ್ಚಿಹೋದ ತೂತುಗಳು ಕಾಣುತ್ತವೆ. ಜಾಲರಿಯನ್ನು ಕೆಳಮುಖ ಮಾಡಿ ಹಿಡಿದು ಒಣ, ಮೆತ್ತನೆಯ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ಉದುರಿದ್ದು ಒಳಗೆ ಹೋಗಬಾರದು. ಸೂಜಿ ಹಾಕಿ ಚುಚ್ಚಬೇಡಿ, ಬಾಯಲ್ಲಿ ಊದಬೇಡಿ. ರಬ್ಬರ್ ಟಿಪ್‌ಗಳನ್ನು ಮಾತ್ರ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಚು 2ರಲ್ಲಿ ನಾಝಲ್‌ ಅನ್ನೇ ತಿರುಗಿಸಿ ಬಿಚ್ಚಿ ಹೊಸದು ಹಾಕಲು ಬರುತ್ತದೆ. ಹಾಗೆ ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ, ಒಂದೇ ಬದಲಿಸಿದರೆ ಟ್ರೆಬಲ್ ಒಂದು ಕಡೆ ಹೆಚ್ಚಾಗಿ ಕೇಳಬಹುದು.